ನೀರನ್ನು ಹೊರಗೆ ಎತ್ತಿ ಹಾಕುತ್ತಿದ್ದ ಮೋಟರು

ತಂಗಿ ಪುಟ್ಟತಾಯಿ,

ನೀನಿದ್ದಾಗ ನಿನಗೆ ಒಂದು ಸಾಲು ಬರೆದವಳಲ್ಲ ನಾನು. ಮಾತಾಡಬೇಕೆನಿಸಿದರೆ ನೀನೇ ನಾಗಮಂಗಲದಲ್ಲಿ ಬಸ್ಸು ಹತ್ತಿ ಬರುತ್ತಿದ್ದೆ. ಮೊದಲು ಬರಬೇಕಾದವಳು ತಂಗಿ, ಅಕ್ಕನಲ್ಲ ಎಂಬುದು ನನ್ನ ಲೆಕ್ಕ. ನೀನು ಹೋಗಿ ಎರಡು ವರ್ಷವಾದ ಮೇಲೆ ಈಗ ಪೆನ್ನು ಹಿಡಿದಿದ್ದೇನೆ.

ನಿನ್ನ ಮದುವೆಯಾದ ಹೊಸದರಲ್ಲಿ ನೀನು ಬೆಳಗೊಳದ ನಮ್ಮ ಮನೆಗೆ ಬಂದ ದಿನ ನೆನಪಿದೆ. ನಾಲೆಯ ಏರಿಯ ಮೇಲೆ ನಿಂತು ನೋಡುತ್ತಲೇ ಇದ್ದೆ. ತೂಬಿನಿಂದ ನೀರು ನಮ್ಮ ಗದ್ದೆಗೆ ನುಗ್ಗಿ, ಒಂದು ಪಾತಿಯಿಂದ ಇನ್ನೊಂದಕ್ಕೆ ಉಕ್ಕಿ, ಕೊನೆಗೆ ಸುಮ್ಮನೆ ಹಳ್ಳಕ್ಕೆ ಹೋಗುತ್ತಿತ್ತು.

"ಅಕ್ಕ, ತೂಬು ಯಾರೂ ಮುಚ್ಚಲ್ವಾ?" ಎಂದು ಕೇಳಿದೆ ನೀನು.

"ಕಟ್ಟೆ ಪಕ್ಕದೋರು ಕಣೇ ನಾವು, ನಾಲೆ ನೀರು ಮೊದ್ಲು ಬರದೇ ನಮ್ಗೆ. ಯಾಕ್ ಮುಚ್ಬೇಕು?" ಎಂದೆ ನಾನು.

ಒಬ್ಬನೇ ಅಪ್ಪನ ಮಕ್ಕಳು ನಾವು. ನನ್ನನ್ನು ಗದ್ದೆ ಬಯಲಿಗೆ ಕೊಟ್ಟ, ನಿನ್ನನ್ನು ಮಳೆ ನಂಬಿದ ಬೆದ್ದಲಿಗೆ ಕೊಟ್ಟ. ಅದು ಅಪ್ಪ ಹುಡುಕಿದ ಸಂಬಂಧ. ನಾನು ಅದನ್ನು ನನ್ನ ಯೋಗ್ಯತೆ ಎಂದುಕೊಂಡೆ. ಹತ್ತನೇ ಕ್ಲಾಸು ಓದಿದವಳು ಬೇರೆ.

ನೀನು ಬಂದಾಗಲೆಲ್ಲ ನಮ್ಮ ಬಚ್ಚಲ ನೀರು ಬೀದಿಗೆ ಹರಿಯುವುದನ್ನು ಕಂಡು ಗುದ್ದಲಿ ಕೇಳುತ್ತಿದ್ದೆ. ಹತ್ತು ನಿಮಿಷದಲ್ಲಿ ಅದನ್ನು ಬಾಳೆಯ ಬುಡಕ್ಕೆ ತಿರುಗಿಸಿ ಕೈ ತೊಳೆಯುತ್ತಿದ್ದೆ, ಅದೂ ಬಾಳೆಯ ಬುಡದಲ್ಲೇ. ನನ್ನ ಸೊಸೆಯರ ಮುಂದೆ ನಿನ್ನನ್ನು ಜಿಪುಣಿ ಎಂದು ಆಡಿಕೊಂಡಿದ್ದೇನೆ. ನೀನು ನಗುತ್ತಿದ್ದೆ. "ನೀರು ಕಮ್ಮಿ ಎತ್ತುದ್ರೆ ಕರೆಂಟು ಕಮ್ಮಿ. ಸಗಣಿ ಗ್ಯಾಸಿಗೂ ಆಯ್ತು, ಅದ್ರ ಬಗ್ಗಡ ತೆಂಗಿಗೂ ಆಯ್ತು. ಎಲ್ಲಾ ಒಂದ್ಕೊಂದು ಗಂಟಾಕ್ಕೊಂಡವೆ ಕಣಕ್ಕ" ಎಂದಿದ್ದೆ. ನಾನು ಕೇಳಿಸಿಕೊಂಡೆನೇ? ಅಷ್ಟು ಹೊತ್ತಿಗೆ ಎದ್ದು ಅಡುಗೆಮನೆಗೆ ಹೋಗಿದ್ದೆ.

ನೀನು ಕೊನೆಯ ಸಲ ಬಂದದ್ದು ನಮ್ಮ ನಾಟಿಯ ದಿನ. ಕೆಳಗದ್ದೆಯಲ್ಲಿ ಮೋಟರು ಓಡುತ್ತಿತ್ತು. ಆ ಗದ್ದೆಗೆ ಜೌಗು ಹಿಡಿದು ವರ್ಷಗಳಾಗಿದ್ದವು. ಕಾಲಿಟ್ಟರೆ ಮೊಣಕಾಲುದ್ದ ಕುಸಿಯುತ್ತಿತ್ತು. ಅದಕ್ಕೇ ಮೂಲೆಯಲ್ಲಿ ಗುಂಡಿ ತೆಗೆಸಿ, ನೀರನ್ನು ಹಳ್ಳಕ್ಕೆ ಎತ್ತಿ ಹಾಕಲು ಮೋಟರು ಇಡಿಸಿದ್ದೆ. ನೀನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಅಲ್ಲಾ ಕಣಕ್ಕ, ಆ ಕಡೆಯಿಂದ ತೂಬು ತೆಗ್ದು ಒಳಕ್ ಬುಟ್ಕೊಳದು, ಈ ಕಡೆಯಿಂದ ಕರೆಂಟ್ ಆಕಿ ಆಚ್ಗೆ ಎತ್ತಾಕದಾ? ಒಂದ್ ಬಿಂದಿಗೆ ನೀರ್ ಮೇಲಕ್ ಬರ್ಲಿ ಅಂತ ಇದೇ ಕರೆಂಟ್ಗೆ ಕಾಯ್ಕೊಂಡು ಕೂತಿರ್ತೀವಿ ನಾವು. ಗದ್ದೆ ಏನ್ ಎಮ್ಮೆಯಾ, ದಿನಾ ನೀರಲ್ಲಿ ಬಿದ್ದಿರಕ್ಕೆ? ಒಂದ್ ವರ್ಷ ತೂಬು ಮುಚ್ಚು. ಬಸಿಗಾಲ್ವೆ ತೆಗ್ಸು. ಒಣಗ್ಲಿ, ರಾಗಿ ಆಕು."

ನಾಟಿಯ ಹೆಂಗಸರು ಕಿಸಕ್ಕನೆ ನಕ್ಕರು. ನಕ್ಕದ್ದು ಎಮ್ಮೆಯ ಮಾತಿಗೆ. ನನಗೆ ಮಾತ್ರ ನನ್ನನ್ನೇ ನೋಡಿ ನಕ್ಕಂತಾಯಿತು.

"ನೀರ್ ಕಾಣ್ದೋರು ನೀರಿನ್ ಇಸ್ಯ ಮಾತಾಡ್ಬಾರ್ದು" ಎಂದುಬಿಟ್ಟೆ.

ನೀನು ಊಟಕ್ಕೂ ಕೂರದೆ ಹೊರಟೆ. ನಾಲೆಯ ಏರಿಯವರೆಗಾದರೂ ನಾನು ಬರಬಹುದಿತ್ತು. ಬದುವಿನ ಮೇಲೆ ನಿಂತು ನಾಟಿಯವರಿಗೆ ಸಾಲು ಸರಿ ಮಾಡಿ ಎಂದು ಕೂಗುತ್ತಿದ್ದೆ. ಮಳೆಗಾಲ ಮುಗಿಯುವ ಮೊದಲೇ ನಿನ್ನ ಎದೆನೋವಿನ ಸುದ್ದಿ ಬಂತು. ನಾವು ಬಂದು ಮುಟ್ಟುವಷ್ಟರಲ್ಲಿ...

ನಿನ್ನ ತಿಥಿ ಮುಗಿಸಿ ಬಂದ ವರ್ಷ ಕೆಳಗದ್ದೆಯಲ್ಲಿ ಪೈರು ಹಳದಿಯಾಗಿ ಕೂತಿತು. ಕೊಯ್ಲಾದ ಮೇಲೆ ನೆಲದ ಮೇಲೆ ಬಿಳಿ ಪುಡಿ ಎದ್ದಿತು, ಯಾರೋ ಉಪ್ಪು ಚೆಲ್ಲಿ ಹೋದ ಹಾಗೆ. ನನ್ನ ಮಾವ ಕಲ್ಲು ಕಿತ್ತು, ಸಮ ಮಾಡಿದ ನೆಲ ಅದು. ನನ್ನ ಕಾಲದಲ್ಲಿ ಸೌಳಾಯಿತು. ನಾವು ಹಳ್ಳಕ್ಕೆ ಬಿಡುತ್ತಿದ್ದ ನೀರಿಗೆ ನಾಲೆಯ ಕೊನೆಯ ಊರುಗಳವರು ಕಾಯುತ್ತಿದ್ದರು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ತೂಬು ಮುಚ್ಚು ಎಂದು ಮಗ ಮಹೇಶನಿಗೆ ಹೇಳಿದ ದಿನ ಅವನು ನನ್ನ ಮುಖವನ್ನೇ ನೋಡಿದ. "ನಾಲೆ ತುಂಬ ನೀರವೆ, ಮುಚ್ಚು ಅಂತೀಯಲ್ಲವ್ವ. ಉಸಾರಾಗಿದ್ದೀಯಾ?" ಎಂದ. ಮೋಟರು ಬಿಚ್ಚಿಸಿದೆ. ಬಸಿಗಾಲುವೆ ತೆಗೆಸಿದೆ. ಮುಂದೇನು ಎಂದು ತಿಳಿಯದೆ ನಿನ್ನ ಸೊಸೆ ರೂಪಳಿಗೆ ಫೋನು ಮಾಡಿದೆ. ನನ್ನ ಜೀವಮಾನದಲ್ಲಿ ಚಿಕ್ಕವರ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳು ಬಂದು ಮಣ್ಣು ಮುಟ್ಟಿ ನೋಡಿ, "ಮೊದ್ಲು ಅಸ್ರು ಗೊಬ್ರದ್ ಡಯಾಂಚ ಬೀಜ ಚೆಲ್ಲಿ, ಊವಾಗೋ ಒತ್ಗೆ ಉತ್ತಾಕಿ. ಆಮೇಲೆ ರಾಗಿ. ಆತುರ ಪಡಬ್ಯಾಡಿ ದೊಡ್ಡತ್ತೆ" ಎಂದಳು. ಗದರುವ ದನಿ ಥೇಟ್ ನಿನ್ನದೇ. ಈ ಸಲ ಮೇಲಿನ ಅರ್ಧದಲ್ಲಿ ರಾಗಿ ತೆನೆ ಕಟ್ಟಿದೆ. ಕೆಳಗಿನ ಅರ್ಧ ಇನ್ನೂ ಬೆಳ್ಳಗಿದೆ. ಪೂರ್ತಿ ವಾಸಿಯಾಗುವುದನ್ನು ನಾನು ನೋಡುತ್ತೇನೋ ಇಲ್ಲವೋ.

ಹೋದ ವಾರ ನಮ್ಮೂರಲ್ಲಿ ನಾಲೆಯ ನೀರು ಬಳಸುವವರ ಸಭೆಯಿತ್ತು. ಪಕ್ಕದ ಗದ್ದೆಗಳಿಗೂ ಜೌಗು ಹತ್ತಿದೆ. "ತೂಬ್ ಮುಚ್ಚಿ ರಾಗಿ ಆಕದ್ನ ಯಾವ್ ಆಫೀಸರ್ ಯೋಳ್ಕೊಟ್ರವ್ವ ನಿಮ್ಗೆ?" ಎಂದು ಕೇಳಿದರು. ನಾನು ಎದ್ದು ನಿಂತೆ. ನಾಗಮಂಗಲದ ಕಡೆಗೆ ಕೊಟ್ಟ ನನ್ನ ತಂಗಿ ಪುಟ್ಟತಾಯಿ ಹೇಳಿದ್ದು ಎಂದೆ. ನಾನು ಕೇಳಲಿಲ್ಲ, ಹತ್ತು ಜನರ ಮುಂದೆ ಅವಳನ್ನು ಹೀನಾಯ ಮಾಡಿ ಕಳಿಸಿದೆ ಎಂದೂ ಹೇಳಿದೆ. ನಾಲೆಯ ಕೊನೆಯ ಊರಿನಿಂದ ಬಂದಿದ್ದ ಒಬ್ಬ ರೈತ, ಪಾಪ, ಅವನಿಗೇನು ಗೊತ್ತು, "ಅಂಗಾರೆ ಆಯಮ್ಮನ್ನೇ ಒಂದ್ ದಪ ಕರ್ಸಿ, ನಮ್ಗೂ ಯೋಳ್ಲಿ" ಎಂದ. ಊರವರೆಲ್ಲ ತಲೆ ತಗ್ಗಿಸಿದರು. ಎಲ್ಲಿಂದ ಕರೆಸಲಿ ಪುಟ್ಟಿ?

ಬರುವ ಭಾನುವಾರ ಟೆಂಪೋ ಮಾಡಿಕೊಂಡು ಹದಿನಾಲ್ಕು ಮಂದಿ ನಿನ್ನೂರಿಗೆ ಬರುತ್ತಿದ್ದೇವೆ. ನೀರು, ಸಗಣಿ, ತೆಂಗು ಎಂದು ನೀನು ಒಂದಕ್ಕೊಂದು ಗಂಟು ಹಾಕಿದ್ದೆಲ್ಲವನ್ನೂ ರೂಪ ತೋರಿಸುತ್ತಾಳಂತೆ. ಇಷ್ಟು ವರ್ಷದಲ್ಲಿ ಮದುವೆ, ನಾಮಕರಣ ಎಂದು ನಿನ್ನ ಮನೆಗೆ ಬಂದಿದ್ದೇನೆ. ಹೊಲ ನೋಡು ಬಾ ಅಕ್ಕ ಎಂದು ನೀನು ಕರೆದಾಗಲೆಲ್ಲ, ಧೂಳು ಎಂದು ಜಗಲಿಯಲ್ಲೇ ಕೂತಿದ್ದೇನೆ. ಭಾನುವಾರ ಬದುವಿನ ಮೇಲೆ ಚಪ್ಪಲಿ ಬಿಟ್ಟು ಎಲ್ಲರಿಗಿಂತ ಮೊದಲು ನಿನ್ನ ಹೊಲಕ್ಕೆ ಇಳಿಯುವವಳು ನಾನೇ.

ನಿನ್ನ ಅಕ್ಕ