‘ಸಂಶೋಧನೆಗೆ ಮಾತ್ರ’: ನನ್ನ ತಮ್ಮನ ಸಾವಿನ ಕುರಿತು

ಸಾವಿನ ಕಾರಣಕ್ಕೆ ಮೊಹರು ಒತ್ತುವ ಮಾನ್ಯರೇ,

ನನ್ನ ತಮ್ಮ ಬಿಸಿಗೆ ಸತ್ತ. ‘ಹೃದಯ ನಿಂತು ಸ್ವಾಭಾವಿಕ ಮರಣ’ ಎಂದು ತಮ್ಮ ಕಚೇರಿ ಬರೆಯಿತು. ಹೃದಯ ನಿಲ್ಲದೆ ಸತ್ತವರನ್ನು ಸೇವಾವಧಿಯಲ್ಲಿ ಎಲ್ಲಿಯಾದರೂ ಕಂಡಿದ್ದೀರಾ ಎಂದು ಕೇಳುವುದು ಉದ್ಧಟತನವಾದರೆ ಕ್ಷಮಿಸಿ. ಅಂದಹಾಗೆ, ‘ತಮ್ಮ ಕಚೇರಿ’ ಎಂದು ಬರೆಯುವಾಗಲೆಲ್ಲ ನನ್ನ ಪೆನ್ನು ತಡೆಯುತ್ತದೆ. ಆ ಪದ ನಮ್ಮ ಮನೆಯದು. ಇನ್ನು ‘ನಿಮ್ಮ’ ಎಂದೇ ಬರೆಯುತ್ತೇನೆ. ಅಗೌರವವೆಂದು ತಿಳಿಯಬೇಡಿ.

ಹೋಟೆಲುಗಳ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಅವನಿದ್ದ. ಸಾಲಾಗಿ ಉಗಿ ಯಂತ್ರಗಳು. ಬಿಳಿ ಹಾಸುಗಳ ಮೇಲೆ ಧೂಳು ಕೂರಬಾರದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಬಿಸಿಗಾಳಿ ಹೊರಗೆಳೆಯುವ ಫ್ಯಾನು ಕೆಟ್ಟು ಬಹಳ ಕಾಲವಾಗಿತ್ತು. ಆ ಮಧ್ಯಾಹ್ನ ಏನಾಯಿತೆಂದು ಅವನ ಜೊತೆ ಹಾಸು ಮಡಿಸುತ್ತಿದ್ದ ಹೆಂಗಸು ನಮ್ಮ ಬಾಗಿಲಲ್ಲೇ ನಿಂತು ಹೇಳಿದಳು.

“ತಲೆ ಸುತ್ತುತ್ತೆ, ಒಂದ್ ಗಳಿಗೆ ಹೊರಗೆ ಹೋಗಿ ಬರ್ತೀನಿ ಅಂದ. ಲಾರಿ ಬಂದು ನಿಂತಿದೆ, ಇದೊಂದು ಲೋಡ್ ಮುಗಿಸು ಅಂದ್ರು ಸೂಪರ್‌ವೈಸರ್. ಆಮೇಲೆ ಏನೇನೋ ಮಾತಾಡೋಕೆ ಶುರು ಮಾಡಿದ. ನನ್ನ ನೋಡ್ಕೊಂಡು ಅಕ್ಕಾ, ಅಕ್ಕಾ ಅಂತ ಕರೀತಿದ್ದ. ನಾನು ಅವನಿಗಿಂತ ಚಿಕ್ಕೋಳು. ಬಿದ್ದಾಗ ಮುಟ್ಟಿದ್ರೆ ಮೈ ಸುಡ್ತಿತ್ತು. ಒಂದು ಹನಿ ಬೆವರಿರ್ಲಿಲ್ಲ.”

ಇದನ್ನವಳು ನಿಮ್ಮ ಕಚೇರಿಗೂ ಬಂದು ಹೇಳಿದಳು. ವರದಿಯಲ್ಲಿ ಒಂದಕ್ಷರವಿಲ್ಲ.

ನನ್ನ ಕೆಲಸವೇ ಬಿಸಿಯ ಗುರುತು ಹುಡುಕುವುದು, ಸಂಶೋಧನಾಲಯವೊಂದರಲ್ಲಿ. ತಾಳಲಾರದ ಶಾಖ ತಗುಲಿದಾಗ ಜೀವಕೋಶದೊಳಗಿನ ಪ್ರೋಟೀನುಗಳು ಮುದುಡಿ ಕೆಡತೊಡಗುತ್ತವೆ. ಆಗ ಕೋಶ ಗಡಿಬಿಡಿಯಲ್ಲಿ ಬೇರೊಂದು ಬಗೆಯ ಪ್ರೋಟೀನನ್ನು ಹೆಚ್ಚುಹೆಚ್ಚಾಗಿ ತಯಾರಿಸುತ್ತದೆ, ಕುಸಿಯುತ್ತಿರುವವನ್ನು ಹಿಡಿದು ನಿಲ್ಲಿಸಲು. ಅದೇ ಹೀಟ್ ಶಾಕ್ ಪ್ರೋಟೀನ್. ಅದನ್ನೇ ಹುಡುಕಿಹೋಗಿ ಅಂಟಿಕೊಳ್ಳುವ ಆಂಟಿಬಾಡಿ ಎಂಬ ವಸ್ತು ಬೆರೆತ ದ್ರವವನ್ನು ಹನಿಸಿ ಬಣ್ಣ ಕೊಟ್ಟರೆ, ಆ ಪ್ರೋಟೀನು ಇರುವಲ್ಲೆಲ್ಲ ಕಂದು ಏಳುತ್ತದೆ. ಆಂಟಿಬಾಡಿ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ನಾವು ಒಂದಿಷ್ಟು ಕೋಶಗಳನ್ನು ಬೇಕೆಂದೇ ಬಿಸಿನೀರಿನ ತೊಟ್ಟಿಯಲ್ಲಿಟ್ಟು ಬಾಧಿಸುತ್ತೇವೆ. ತಮ್ಮ ಹೋದ ಮೇಲೆ ಆ ತೊಟ್ಟಿಯ ಮುಚ್ಚಳ ಹಾಕುವುದು ನನ್ನಿಂದಾಗುತ್ತಿಲ್ಲ. ಹಾಕಿದರೆ ಒಳಗಿನಿಂದ ಯಾರೋ ‘ಅಕ್ಕಾ’ ಎಂದಂತಾಗುತ್ತದೆ. ಈಗ ಆ ಕೆಲಸವನ್ನು ಜೊತೆಯವರೇ ಮಾಡುತ್ತಾರೆ.

ಶವಪರೀಕ್ಷೆಯಲ್ಲಿ ತೆಗೆದ ಅವನ ಮೂತ್ರಪಿಂಡದ ಚೂರೊಂದು ಮೇಣದಲ್ಲಿ ಹುದುಗಿ ನಿಮ್ಮಲ್ಲಿತ್ತು. ಅದಕ್ಕೆ ಈ ಪರೀಕ್ಷೆ ಮಾಡಿಸಿ ಎಂದು ಬೇಡಿದೆ. ‘ಸದರಿ ಆಂಟಿಬಾಡಿಯ ಸೀಸೆಯ ಮೇಲೆ ಸಂಶೋಧನೆಗೆ ಮಾತ್ರ ಎಂದು ನಮೂದಾಗಿರುವುದರಿಂದ ಮರಣ ಕಾರಣ ನಿರ್ಣಯಕ್ಕೆ ಬಳಸಲು ಅವಕಾಶವಿರುವುದಿಲ್ಲ’ ಎಂದು ಉತ್ತರ ಬಂತು. ನಿಜ, ಹಾಗೇ ಬರೆದಿರುತ್ತದೆ, ದಿನಾ ನೋಡುತ್ತೇನೆ. ಆ ಕಂದು ಬಣ್ಣವೊಂದೇ ಸಾಕ್ಷಿಯಾಗದು, ಜ್ವರಕ್ಕೂ ಬೇರೆ ಆಘಾತಕ್ಕೂ ಅದು ಏಳಬಹುದು ಎಂಬುದನ್ನೂ ಬಲ್ಲೆ. ಆದರೆ ಸುಡುತ್ತಿದ್ದ ಮೈ, ಗಾಳಿಯಾಡದ ಕೋಣೆ, ಕಣ್ಣಾರೆ ಕಂಡವಳ ಮಾತು, ಇವುಗಳ ಪಕ್ಕದಲ್ಲಿಟ್ಟು ನೋಡಬಾರದೇ? ಗೊತ್ತಿಲ್ಲದ್ದನ್ನು ಹುಡುಕುವುದಕ್ಕೆ ಸಂಶೋಧನೆ ಎನ್ನದೆ ಇನ್ನೇನೆನ್ನುತ್ತಾರೆ, ಸ್ವಾಮಿ?

ಬಿಡದೆ ಅಲೆದಾಗ ನಿಮ್ಮ ಕಿರಿಯ ಅಧಿಕಾರಿ ಆ ಮೇಣದ ಬಿಲ್ಲೆಯನ್ನು ಲಕೋಟೆಗೆ ಹಾಕಿ ನನ್ನ ಕೈಗಿತ್ತರು.

“ನಿಮ್ದೇ ಲ್ಯಾಬ್ ಇದೆಯಲ್ಲ ಮೇಡಂ, ನೀವೇ ಮಾಡ್ಕೊಳ್ಳಿ.”

“ಮಾಡಿದ್ರೆ ಒಪ್ಕೊಳ್ತೀರಾ?”

“ಅದು ಹೇಗಾಗುತ್ತೆ? ನೀವು ಅಕ್ಕ ಅಲ್ವಾ?”

ಆದರೂ ಲ್ಯಾಬಿಗೆ ಒಯ್ದೆ. ತೆಳ್ಳಗೆ ಸೀಳುವ ಯಂತ್ರದಲ್ಲಿ, ಬ್ಲೇಡಿನ ಎದುರು ಕೂರಿಸಿದೆ. ಯಂತ್ರದ ಹಿಡಿ ತಿರುಗಿಸಲು ಕೈ ಬರಲಿಲ್ಲ. ಮನೆಗೆ ತಂದೆ. ಅಮ್ಮನಿಗೆ ಹೇಳಬಾರದೆಂದುಕೊಂಡಿದ್ದೆ, ಹೇಳಿಬಿಟ್ಟೆ. ಅವಳು ಅಳಲಿಲ್ಲ. ಅಂಗೈ ಮೇಲಿಟ್ಟುಕೊಂಡು, “ಮೇಣ ಅಲ್ವೇನೇ? ಸೆಖೆಗೆ ಕರಗಿಬಿಡುತ್ತೆ,” ಎಂದು ಫ್ರಿಜ್ಜಿನಲ್ಲಿ ಜಾಗ ಮಾಡಿದಳು. ಈಗ ಕರೆಂಟು ಹೋದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಹೋಗಿ, ಫ್ರಿಜ್ಜಿನ ಬಾಗಿಲಿಗೆ ಕೈಯಾನಿಸಿ ನಿಲ್ಲುತ್ತಾಳೆ. “ಇನ್ನೂ ತಣ್ಣಗಿದ್ದಾನೆ,” ಎನ್ನುತ್ತಾಳೆ.

ಆದ್ದರಿಂದ ನನ್ನ ಒತ್ತಾಯವಿಷ್ಟು. ಆ ಬಿಲ್ಲೆಯನ್ನು ನಮ್ಮ ಮನೆಯಿಂದ ಮೊಹರು ಮಾಡಿ ಒಯ್ಯಿರಿ. ನಿಮಗೂ ನನಗೂ ಸಂಬಂಧವಿಲ್ಲದ ಕಡೆ ಪರೀಕ್ಷಿಸಿ. ಹಾಸು ಮಡಿಸುವವಳ ಹೇಳಿಕೆಯನ್ನು ದಾಖಲಿಸಿ. ಅಲ್ಲಿಯವರೆಗೆ ‘ಸ್ವಾಭಾವಿಕ’ ಎಂಬ ಪದವನ್ನು ಹೊಡೆದುಹಾಕಿ. ಕಂದು ಏಳದಿದ್ದರೆ ಅದನ್ನೂ ಬರೆಯಿರಿ, ತಲೆಬಾಗುತ್ತೇನೆ. ತಡಮಾಡಬೇಡಿ. ಅವನು ನಿಲ್ಲುತ್ತಿದ್ದ ಯಂತ್ರದ ಮುಂದೆ ಈಗ ಬೇರೊಬ್ಬ ನಿಂತಿದ್ದಾನೆ, ಹೊಸದಾಗಿ ಮದುವೆಯಾಗಿದೆಯಂತೆ.

ಇಂತಿ,
ರಕ್ತಸಂಬಂಧಿಯಾದ್ದರಿಂದ ನಂಬಲರ್ಹಳಲ್ಲದ
ಅರ್ಜಿದಾರಳು