ಇವರ ಬೋರ್ಡು, ನನ್ನ ತೂಕ

ಮಾರ್ಚ್ 3, ಭಾನುವಾರ
ಇವತ್ತು ಹನ್ನೊಂದು ಸಲ ಬಿದ್ದೆ. ಇವರು ದಡದಲ್ಲಿ ಕುರ್ಚಿ ಹಾಕಿಕೊಂಡು ಎಣಿಸಿದ್ದು. ನನ್ನ ಲೆಕ್ಕಕ್ಕೆ ಒಂಬತ್ತೇ. ಮಂಡಿ ಆಪರೇಷನ್ ಆದಮೇಲೆ ಇವರಿಗೆ ಸಮುದ್ರ ನಿಷಿದ್ಧ. ಬಾಯಿಗೆ ಡಾಕ್ಟರು ಏನೂ ಹೇಳಿಲ್ಲ. ಇವರು ಹದಿನಾಲ್ಕು ವರ್ಷ ಅಲೆಗಳ ಮೇಲೆ ಆಡಿದ ವಿಂಡ್‌ಸರ್ಫಿಂಗ್ ಬೋರ್ಡು, ಹಾಯಿ ಸಮೇತ, ಈಗ ನನ್ನ ಕೊರಳಿಗೆ. ಓಡುವಾಗ ಮೂತಿ ಎತ್ತುತ್ತದೆ. ತಿರುಗಿಸಿದರೆ ತಿರುಗುವುದಿಲ್ಲ.
"ಬೋರ್ಡ್ ಸರಿಯಾಗೇ ಇದೆ," ಎಂದರು. ಉಳಿದದ್ದು ನಾನೇ ಅರ್ಥ ಮಾಡಿಕೊಂಡೆ.
ಈ ತಿಂಗಳೊಳಗೆ ಒಂದು ಅಲೆಯ ಮೇಲಾದರೂ ತಿರುಗಿಸದಿದ್ದರೆ ಬೋರ್ಡನ್ನು ಸರ್ಫಿಂಗ್ ಕ್ಲಬ್ಬಿಗೆ ಕೊಟ್ಟುಬಿಡುತ್ತಾರಂತೆ. "ಸುಮ್ನೆ ಗೋಡೆಗೆ ಒರಗಿಸಿ ನೋಡ್ತಾ ಕೂರೋಕಾಗಲ್ಲ." ಹೇಳಿ ಟೀವಿ ಹಾಕಿದರು.

ಮಾರ್ಚ್ 10, ಭಾನುವಾರ
ಅತ್ತೆಯೂ ದಡಕ್ಕೆ ಬಂದಿದ್ದರು. ನಲವತ್ತು ವರ್ಷ ಬಟ್ಟೆ ಹೊಲಿದ ಕಣ್ಣು.
"ಬೋರ್ಡಿನ ಮೇಲಿನ ಆ ಪಟ್ಟಿಯೊಳಗೆ ನಿನ್ನ ಪಾದ ಈಜಾಡ್ತಿದೆ ಕಣೆ."
"ಅಮ್ಮ, ನಿಂಗೇನು ಗೊತ್ತು ಸಮುದ್ರದ್ದು?" — ಇವರು.
"ಸಮುದ್ರ ಗೊತ್ತಿಲ್ಲ ಕಣೋ, ಅಳತೆ ಗೊತ್ತು. ನೀನು ಎಂಬತ್ತೆಂಟು ಕೆಜಿ, ಇವಳು ಐವತ್ತೈದು. ನಿನ್ನ ಪ್ಯಾಂಟು ಇವಳಿಗೆ ಹಾಕಿಸ್ತೀಯಾ?"
ಇವರು ದೂರದ ಹಡಗು ನೋಡತೊಡಗಿದರು. ಹಡಗು ಇರಲಿಲ್ಲ.

ಮಾರ್ಚ್ 13, ಬುಧವಾರ
ಇವರು ಫಿಸಿಯೋಥೆರಪಿಗೆ. ನಾವಿಬ್ಬರು ಬೋರ್ಡಿಟ್ಟ ಶೆಡ್ಡಿಗೆ. ಅತ್ತೆ ಟಾರ್ಚ್, ನಾನು ಸ್ಕ್ರೂಡ್ರೈವರ್. ಪಾದದ ಪಟ್ಟಿ ಬಿಗಿ ಮಾಡಿದೆ. ಹಾಯಿಯ ಕಂಬ ಕೂರುವ ಜಾಗವನ್ನು ಮುಂದಕ್ಕೆ ತಳ್ಳಿದೆ. ಅಡಿಯ ನಡು ಫಿನ್, ಮೀನಿನ ರೆಕ್ಕೆಯಂಥದ್ದು, ತೆಗೆದು ಚಿಕ್ಕದು ಹಾಕಿದೆ. ಮದುವೆಯಾದ ಹೊಸದರಲ್ಲೂ ಇಷ್ಟು ಹೆದರಿರಲಿಲ್ಲ.

ಮಾರ್ಚ್ 16, ಶನಿವಾರ
ಮೂತಿ ನೀರಿಗೆ ಚುಚ್ಚಿತು, ಬಾಲ ಪಕ್ಕಕ್ಕೆ ಜಾರಿತು. ನಾನು ಹಾಯಿಯ ಮೇಲಿಂದ ಹಾರಿದೆ. ಯಾವುದರಿಂದ ಏನಾಯಿತೋ ತಿಳಿಯದು.
ಇವರು ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಬೋರ್ಡು ನೋಡಿದರು.
"ಯಾರು ಮುಟ್ಟಿದ್ದು?"
ಅತ್ತೆ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದರು.
"ಮೂರೂ ಒಟ್ಟಿಗೆ ಬದಲಾಯಿಸಿದ್ಯಾ? ಕನ್ನಡಕದ ಅಂಗಡೀಲಿ ಹೀಗೇ ಕಣ್ಣು ಟೆಸ್ಟ್ ಮಾಡ್ತೀಯಾ?"
ಹದಿನೆಂಟು ವರ್ಷದಿಂದ ಒಂದೊಂದೇ ಗಾಜು ಇಟ್ಟು "ಈಗ ಹೇಗಿದೆ?" ಎಂದು ಕೇಳುವುದೇ ನನ್ನ ಕೆಲಸ.

ಮಾರ್ಚ್ 20, ಬುಧವಾರ
ಇವತ್ತು ಶೆಡ್ಡಿನಲ್ಲಿ ಸದ್ದು. ಹೋಗಿ ನೋಡಿದರೆ ಇವರೇ, ಕಾಲು ಚಾಚಿ ನೆಲದ ಮೇಲೆ ಕೂತು ಸ್ಕ್ರೂ ತಿರುಗಿಸುತ್ತಿದ್ದರು.
"ಪಟ್ಟಿ ಹಾಗೇ ಇರ್ಲಿ. ಉಳಿದದ್ದು ಮೊದಲಿನ ಹಾಗೆ ಮಾಡಿದೀನಿ. ಒಂದು ಸಲಕ್ಕೆ ಒಂದೇ."
ಆಮೇಲೆ ಏಳಲಾಗಲಿಲ್ಲ. ಅತ್ತೆ ಒಂದು ತೋಳು, ನಾನೊಂದು.
"ಇವನನ್ನ ಹೊತ್ತ ಬೋರ್ಡಿಗೆ ಕೈ ಮುಗೀಬೇಕು," ಎಂದರು ಅತ್ತೆ.

ಮಾರ್ಚ್ 24, ಭಾನುವಾರ
ಬರೀ ಪಟ್ಟಿ: ಪಾದ ನಿಂತಿತು. ದಡಕ್ಕೆ ಬಂದು ಕಂಬ ಒಂದೇ ಸೆಂಟಿಮೀಟರ್ ಮುಂದಕ್ಕೆ: ಮೂತಿ ತಗ್ಗಿತು. ತಿರುಗುವುದು ಮಾತ್ರ ಇನ್ನೂ ಇಲ್ಲ. ಬಿದ್ದದ್ದು ನಾಲ್ಕು. ಲೆಕ್ಕದಲ್ಲಿ ಜಗಳವಿಲ್ಲ.

ಮಾರ್ಚ್ 30, ಶನಿವಾರ
ಚಿಕ್ಕ ಫಿನ್ ಹಾಕಿದ್ದು ಇವರೇ. ಐದನೇ ಅಲೆ. ತಿರುಗಿತು.
ದಡಕ್ಕೆ ಬಂದಾಗ ಇವರು ಮಂಡಿವರೆಗೆ ನೀರಿನಲ್ಲಿ ನಿಂತಿದ್ದರು. ಅತ್ತೆ ಹಿಂದಿನಿಂದ ಅಂಗಿ ಹಿಡಿದುಕೊಂಡಿದ್ದರು. ಕಾರಿನಲ್ಲಿ, ಅರ್ಧ ದಾರಿಗೆ, ಇವರು ಕೇಳಿದರು:
"ತಿರುಗುವಾಗ ಹಿಂದಿನ ಕಾಲಿಗೆ ಹೇಗನ್ನಿಸ್ತು?"
ಇಡೀ ತಿಂಗಳು ಹೇಳುತ್ತಲೇ ಇದ್ದವರು ನನಗೆ ಹೇಗನ್ನಿಸಿತೆಂದು ಕೇಳಿದ್ದು ಇದೇ ಮೊದಲು.
"ನೆನಪು ಮಾಡ್ಕೊಂಡು ಹೇಳು. ಅವಸರ ಇಲ್ಲ."

ಮಾರ್ಚ್ 31, ಭಾನುವಾರ, ಬೆಳಿಗ್ಗೆ
ಬರೆದು ನೋಡುತ್ತೇನೆ. ಅಲೆ ಹಿಂದಿನಿಂದ ಎತ್ತಿತು. ಮಂಡಿ ಬಗ್ಗಿಸಿ ಹಿಂದಿನ ಕಾಲಿನ ಬೆರಳ ತುದಿ ಒತ್ತಿದೆ. ಬೋರ್ಡು ಒಂದು ಕ್ಷಣ ಯೋಚಿಸಿತು, ಆಮೇಲೆ —
ಇವರು ಬಾಗಿಲಿಗೆ ಬಂದು ನಿಂತಿದ್ದಾರೆ. ಎರಡು ಲೋಟ ಕಾಫಿ. ಜೋರಾಗಿ ಓದಬೇಕಂತೆ. ಓದಿದೆ.
"ಆಮೇಲೆ?"
ಆಮೇಲೆ…