ಗಂಡನ ಹೆಸರು ಕೇಳುವ ಆ್ಯಪ್

ಜಿಗಣಿ,
೧೨ ನವೆಂಬರ್ ೨೦೨೫

ನಮ್ಮ ಮನೆಯವರಿಗೆ, ನಿಮ್ಮ ಮಹಾನಂದಾ ಮಾಡುವ ಶರಣು.

ಆರಾಮ ಇದ್ದೀರಾ? ಮಸ್ಕತ್ತಿನ ಬಿಸಿಲು ಈಗಲಾದರೂ ತಗ್ಗಿತೇ? ಇಲ್ಲಿ ಅತ್ತೆಯ ಮೊಣಕಾಲು ಪರವಾಗಿಲ್ಲ. ನೀವಿನ್ನೂ ಎತ್ತಿಕೊಳ್ಳದ ನಿಮ್ಮ ಮಗಳು ಬೋರಲು ಬೀಳುತ್ತಾಳೆ, ಮೂಗು ಥೇಟ್ ನಿಮ್ಮದೇ. ಫೋನಿನಲ್ಲಿ ಮನಬಿಚ್ಚಿ ಮಾತಾಡೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ನಿಮ್ಮ ಕ್ಯಾಂಪಿಗೆ ಹೊರಟಿರುವ ಯಮನಪ್ಪಣ್ಣನ ಕೈಯಲ್ಲಿ ಶೇಂಗಾ ಚಟ್ನಿಯ ಜೊತೆ ಈ ಕಾಗದ.

ಅಲ್ಲಾ, ಊರಿಗೆ ಬರುವ ಟಿಕೆಟ್ಟಿನ ದುಡ್ಡನ್ನು ನನ್ನ ಹೆಸರಿನಲ್ಲಿ ಬಿಟ್‌ಕಾಯಿನ್ ಮಾಡಿಡಿ ಅಂತ ನಿಮಗೆ ಯಾವ ಪುಣ್ಯಾತ್ಮ ಹೇಳಿದ? ಸೆರಗಿಗೆ ಗಂಟು ಹಾಕಿಕೊಳ್ಳಲೂ ಬಾರದ ದುಡ್ಡು! ತೆಗೆಯಲು ಹೋದರೆ ನಾನು ನಾನೇ ಎಂದು ಆ ಆ್ಯಪಿಗೆ ನಂಬಿಕೆಯಿಲ್ಲ. ಆಧಾರ್ ತೋರಿಸಿದರೆ ಮಸುಕು ಅಂದಿತು. ಸೆಲ್ಫಿ ತೆಗೆದರೆ ಕಂಕುಳಲ್ಲಿದ್ದ ಕೂಸನ್ನು ಕಂಡು ಎರಡು ಮುಖ ಇವೆ ಅಂದಿತು. ಕಣ್ಣು ಮಿಟುಕಿಸು, ಕತ್ತು ತಿರುಗಿಸು ಅಂತ ಕುಣಿಸಿತು. ಹೆಣ್ಣು ನೋಡಲು ಬಂದಾಗ ನಿಮ್ಮವರೂ ನನ್ನನ್ನು ಇಷ್ಟು ಆಡಿಸಿರಲಿಲ್ಲ ನೋಡ್ರಿ.

ಕೊನೆಗೆ ವಿಡಿಯೊ ಕಾಲಿನಲ್ಲಿ ಒಬ್ಬ ಹುಡುಗಿ ಬಂದು, "ಮೇಡಂ, ಆಧಾರಲ್ಲಿರೋ ಪೂರ್ತಿ ಹೆಸರು ಜೋರಾಗಿ ಹೇಳಿ" ಅಂದಳು. ಪೂರ್ತಿ ಹೆಸರೆಂದರೆ ನನ್ನದರ ಬೆನ್ನಿಗೆ ನಿಮ್ಮದು! ಎದುರಿಗೆ ಅತ್ತೆ. "ಗಂಡನ ಹೆಸರು ಹಿಡಿದ್ರ ಅವನ ಆಯುಷ್ಯ ಕಡಿಮಿ ಆಗ್ತದವಾ" ಅಂತ ಮದುವೆಯ ದಿನವೇ ಹೇಳಿದವರು. ನೀವೋ ಅಷ್ಟೆತ್ತರದ ಕಟ್ಟಡದ ಮೇಲೆ ನಿಂತು ವೆಲ್ಡಿಂಗ್ ಮಾಡುವವರು. ಮದುವೆಯಲ್ಲಿ ಹೆಂಗಸರು ಕಾಡಿಸಿ ಹೆಸರು ಹೇಳಿಸಿದಾಗ ಮಾಡಿದ್ದನ್ನೇ ಮಾಡಿದೆ, ಒಂದು ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿದೆ: "ಜಿಗಣಿ ರೂಮಿನಾಗ ಗ್ಯಾಸಿನ ಒಲಿ, ಬಸಲಿಂಗರಾಯರ ಹೆಸರಿಗಿ ಬಂಗಾರದ ಬೆಲಿ." ಅತ್ತೆ ಚಪ್ಪಾಳೆ ತಟ್ಟಿದರು. ಆ ಹುಡುಗಿ, "ಹಾಡು ಬೇಡ ಮೇಡಂ, ಹೆಸರು ಮಾತ್ರ ಹೇಳಿ" ಅಂದಳು. ಬಾಯಿ ಏಳಲಿಲ್ಲ. ರಿಜೆಕ್ಟ್ ಮಾಡಿದಳು. ನಾಳೆ ಇನ್ನೊಂದೇ ಅವಕಾಶವಂತೆ. ಅದೂ ತಪ್ಪಿದರೆ ನೀವು ಈ ಸಲವೂ ಬರುವುದಿಲ್ಲ ಎಂದು ನೆನೆದರೇ ಅಳು ಬರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಮೇಲೆ ಹತ್ತುವಾಗ ಬೆಲ್ಟ್ ಮರೆಯಬೇಡಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು ನಿಮಗೆ.

ನಿಮ್ಮವಳೇ,
ಮಹಾನಂದಾ

ತಾ.ಕ.: ಮರುದಿನ, ಅವಸರದಲ್ಲಿ. ಯಮನಪ್ಪಣ್ಣ ಬಾಗಿಲಲ್ಲಿ ನಿಂತಿದ್ದಾರೆ. ಅತ್ತೆ ಹಾಲು ತರಲು ಹೋದಾಗ ಕಾಲ್ ಬಂತು. ದೇವರಿಗೆ ಕೈಮುಗಿದು "ಮಹಾನಂದಾ ಬಸಲಿಂಗ ಹೂಗಾರ" ಅಂದುಬಿಟ್ಟೆ. ಒಡಪಿಲ್ಲದೆ, ಬರಿದೇ. ವೆರಿಫೈ ಆಯಿತು! ಟಿಕೆಟ್ಟಿನ ದುಡ್ಡು ಸಂಜೆಯೊಳಗೆ ಬ್ಯಾಂಕಿಗೆ ಬರುತ್ತದಂತೆ. ಆದರೆ ಒಮ್ಮೆ ಹೇಳಿದ ಬಾಯಿ ಈಗ ಸುಮ್ಮನಿರುತ್ತಿಲ್ಲ. ಕೂಸನ್ನು ತೂಗುತ್ತಾ ಬಸಲಿಂಗ, ಬಸಲಿಂಗ ಎಂದು ಕರೆಯುತ್ತಿದ್ದೇನೆ. ಓ ಅನ್ನಲಿಕ್ಕಾದರೂ ಬೇಗ ಬನ್ನಿ.